ಜೋಡಿ ತುಂಬಿದ ಊಟ

ಹುಕ್ಕೇರಿ, 1962

ಅಪ್ಪಾ,

ನೀನು ತೀರಿಕೊಂಡು ಮೂರು ವರ್ಷವಾಯಿತು. ಆದರೂ ಇವತ್ತಿನ ಮೋಜನ್ನು ನಿನಗೇ ಹೇಳಬೇಕು. ನೀನು ಕಾವಲಿದ್ದ ಜೈಲಿನಲ್ಲೇ ಈಗ ನಾನೂ ಕಾವಲಿಗಿದ್ದೇನಲ್ಲ, ಅಲ್ಲಿಗೆ ಧಾರವಾಡದಿಂದ ಮನಸ್ಸಿನ ಸಂಶೋಧನೆ ಮಾಡುವ ಸಾಹೇಬರೊಬ್ಬರು ಬಂದಿದ್ದರು. ಕೈದಿಗಳನ್ನು ಕರೆಯಹೋದರೆ, "ಅವರನ್ನಲ್ರಿ, ನಿಮ್ಮನ್ನ ಕೇಳಾಕ ಬಂದೇನಿ. ನೀವು ಆರಾಮ ಅದೀರೇನ್ರಿ?" ಎಂದರು. ಹವಾಲ್ದಾರ ಹೊಳೆಪ್ಪ ಗಾಬರಿಯಾಗಿ, "ನಮ್ಮಿಂದ ಏನ್ ತಪ್ಪಾತ್ರಿ ಸಾಹೇಬ್ರ?" ಎಂದುಬಿಟ್ಟ!

"ಜೈಲಿನ ಯಾವ ರೂಢಿ ನಿಮ್ಮ ಮನೀಗೂ ಬಂದೈತ್ರಿ?" ಎಂದು ನನ್ನನ್ನು ಕೇಳಿದರು. ಊಟಕ್ಕೆ ಮುಂಚೆ ಮಕ್ಕಳನ್ನು ಕೈದಿಗಳ ಹಾಗೆ ಜೋಡಿ ಜೋಡಿಯಾಗಿ ಕೂಡಿಸಿ ಎಣಿಸುತ್ತೇನೆ ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಾಹೇಬರು ಬರೆದುಕೊಂಡು, "ಯಾರಿಂದ ಕಲಿತ್ರಿ ಇದನ್ನ?" ಎಂದರು.

ಮಕ್ಕಳಾದ ನಮ್ಮ ಆರೂ ಮಂದಿಯನ್ನು ನೀನು ಹಾಗೇ ಎಣಿಸುತ್ತಿದ್ದೆ. ಹದಿನೆಂಟರ ಸಿಟ್ಟಿನಲ್ಲಿ ನಾನು, "ನಾವೇನ್ ನಿನ್ನ ಕೈದಿಗೋಳೇನು?" ಎಂದು ಗಂಗಾಳ ಸರಿಸಿ ಕಲ್ಲೋಳಿಯ ಮಾಮನ ಮನೆಗೆ ಹೋದೆ. ಎರಡು ವರ್ಷ ಬರಲಿಲ್ಲ. ಅಷ್ಟೂ ದಿನ ನನ್ನ ಜಾಗದಲ್ಲಿ ನೀನೇ ಕೂತು, ಜೋಡಿ ತುಂಬಿಸಿ, "ಆರು" ಎಂದ ಮೇಲೇ ರೊಟ್ಟಿ ಮುರಿಯುತ್ತಿದ್ದೆ ಎಂದು ಅವ್ವ ಆಮೇಲೆ ಹೇಳಿದಳು.

ಸಾಹೇಬರಿಗೆ "ನಮ್ಮಪ್ಪನಿಂದ್ರಿ" ಎಂದಷ್ಟೇ ಹೇಳಿದೆ.

ನನಗೆ ಐದು ಮಕ್ಕಳು. ಎಲ್ಲರಿಗಿಂತ ಸಣ್ಣವಳಾದ ಗುಡ್ಡವ್ವನಿಗೆ ಜೋಡಿಯಿಲ್ಲ. ಇವತ್ತು ಊಟಕ್ಕೆ ನಾನೇ ಅವಳ ಪಕ್ಕ ಕೂತೆ. ಅವಳು ಎದ್ದು, ಬೆರಳು ಮಾಡಿ ಎಲ್ಲರನ್ನೂ ಎಣಿಸಿದಳು.

"ಆರು! ಅಪ್ಪನೂ ಬಂದಾನ. ಇನ್ನ ಉಣ್ಣೂಣು."

ಲಗಮಣ್ಣ