ನರೋಡಾಕ್ಕೆ ಕೊಟ್ಟ ರಜಾ ಅರ್ಜಿ

ಜೂನ್ ೧೧, ಮಂಗಳವಾರ. ಬೆಳಿಗ್ಗೆ ೪.೪೫

ರಾಗಿ ಗಂಜಿ ಫ್ಲಾಸ್ಕಿಗೆ ತುಂಬಿದ್ದಾಯಿತು. ಮೊಮ್ಮಗ ಮಂಥನ್ ಬೂಟಿನ ದಾರ ಬಿಗಿಯುತ್ತಿದ್ದಾನೆ. ಆರಕ್ಕೆ ಸರಿಯಾಗಿ ನರೋಡಾ ಮೈದಾನದಲ್ಲಿ ಹಾಜರಿ ಸಹಿ. ವಸ್ತ್ರಾಪುರದಿಂದ ಬೈಕಿನಲ್ಲಿ ಮುಕ್ಕಾಲು ಗಂಟೆ. ಹೋಗಲೇಬೇಕು.

ಒಂದು ಸೀಸನ್ ಸೂರತ್ತಿನ ಫುಟ್‌ಬಾಲ್ ಕ್ಲಬ್ಬಿಗೆ ಲೋನ್ ಮೇಲೆ, ಎರವಲಾಗಿ, ಆಡಿ ಬಂದಿದ್ದಾನೆ. ಆಗ ಅರ್ಧ ಸಂಬಳ ಅವರದು, ಅರ್ಧ ಇಲ್ಲಿಯ ಸಾಬರ್ ಕ್ಲಬ್ಬಿನದು. ಈಗ ಪೂರ್ತಿ ಸಾಬರ್ ತಲೆಗೆ. ಹೊಸ ಕೋಚಿಗೆ ಇವನು ಬೇಡ. ಒಪ್ಪಂದ ಮಾತ್ರ ಬರುವ ಮೇ ೩೧ರವರೆಗೆ ಇದೆ.

ನಮ್ಮ ಇಲಾಖೆಯಲ್ಲಿ ಇದಕ್ಕೆ ನಿಯೋಜನೆ ಎನ್ನುತ್ತಿದ್ದರು. ೧೯೯೪ರಲ್ಲಿ ನನ್ನನ್ನೂ ಹೆಚ್ಚುವರಿ ಶಿಕ್ಷಕಿಯೆಂದು ತಿಪಟೂರಿನಿಂದ ಗುಬ್ಬಿಗೆ ಕಳಿಸಿದ್ದರು. ಹಿಂತಿರುಗಿದಾಗ ನನ್ನ ಕುರ್ಚಿಯಲ್ಲಿ ಬೇರೊಬ್ಬರು. ಹನ್ನೊಂದು ದಿನ ನಿಂತೇ ಹಾಜರಿ ಹಾಕಿದೆ. ಹನ್ನೆರಡನೆಯ ದಿನ ಕುರ್ಚಿ ಬಂತು.

ಜೂನ್ ೧೩, ಗುರುವಾರ

"ಬಾಲೇ ಕೊಡಲ್ಲ ಅಜ್ಜಿ. ಲೋನಿಂದ ಬಂದಿರೋ ಐದೂ ಜನಕ್ಕೆ ಬರೀ ರನ್ನಿಂಗ್. ಮ್ಯಾನೇಜರ್ ನಿತಿನ್‌ಭಾಯಿ ಚೇರ್ ಹಾಕ್ಕೊಂಡು ಚಾ ಕುಡೀತಾ ನೋಡ್ತಾನೆ."

"ನೋಡ್ತಾರೆ ಅನ್ನು."

"ಅವನಿಗಾ? ಅರೆ ಅಜ್ಜಿ!"

ಬೇಸತ್ತು ತಾವೇ ಬಿಟ್ಟುಹೋಗಲಿ ಎಂಬುದೇ ಕ್ಲಬ್ಬಿನ ಹಂಚಿಕೆ. ಬಿಟ್ಟರೆ ಉಳಿದ ಸಂಬಳ ಕೊಡಬೇಕಾಗಿಲ್ಲ.

ಒಪ್ಪಂದದ ಹದಿನಾಲ್ಕು ಪುಟಗಳನ್ನು ನಿಘಂಟು ಹಿಡಿದು ಎರಡು ದಿನದಲ್ಲಿ ಮುಗಿಸಿದೆ. ಕನ್ನಡ ಮಾಧ್ಯಮದವಳೆಂದು ನಗುವವರು ಬಂದು ನೋಡಲಿ. ಒಂಬತ್ತನೆಯ ಪುಟ: ಬರಹದಲ್ಲಿ ತಿಳಿಸದೆ ಸತತ ಮೂರು ದಿನ ಗೈರಾದರೆ ಒಪ್ಪಂದ ರದ್ದು. ಕೆಂಪು ಗೆರೆ ಎಳೆದಿದ್ದೇನೆ. ಕೊನೆಯ ಅನುಬಂಧ ಮಾತ್ರ ಉಳಿದಿದೆ, ಇರುವೆ ಸಾಲಿನಂಥ ಅಕ್ಷರ. ಹೊಸ ಕನ್ನಡಕ ಬಂದ ಮೇಲೆ.

ಜೂನ್ ೧೮, ಮಂಗಳವಾರ

ಮಂಥನ್‌ನ ಎಡ ಮೊಣಕಾಲು ಬಾತು ಗುಂಡಗಾಗಿದೆ. ನಿನ್ನೆ ಹೋಗಲಿಲ್ಲ. ಇಂದೂ ಇಲ್ಲ. ಬಿಸಿ ಹರಳೆಣ್ಣೆ ಹಚ್ಚುವಾಗ ಹಲ್ಲು ಕಚ್ಚಿ ಹೇಳಿದ.

"ಡಿಸೆಂಬರ್‌ನಿಂದ ಇದೆ ಅಜ್ಜಿ. ಸೂರತ್‌ನ ಉಧ್ನಾದಲ್ಲಿ ಒಬ್ಬ ಡಾಕ್ಟರ್ ಹತ್ರ ಇಂಜೆಕ್ಷನ್ ತಗೊಂಡು ಆಡ್ದೆ. ಮಮ್ಮಿಗೆ ಹೇಳ್ಬೇಡ ಪ್ಲೀಸ್."

ಮಾತು ಕೊಟ್ಟೆ. ವೇದಾಗೆ ಹೇಳುವುದಿಲ್ಲ. ಮಗಳಿಗೆ ಆಫೀಸಿನ ಚಿಂತೆಯೇ ಸಾಕಷ್ಟಿದೆ.

"ಮೈದಾನಕ್ಕೆ ತಿಳಿಸಿದೆಯಾ?"

"ಟ್ರೇನರ್‌ಗೆ ಮೆಸೇಜ್ ಹಾಕಿದ್ದೀನಿ. ಚಲೇಗಾ."

ಮೆಸೇಜು ಅರ್ಜಿಯಲ್ಲ. ನಾಳೆ ಮೂರನೆಯ ದಿನ.

ಜೂನ್ ೧೯, ಬುಧವಾರ. ೧೧ ಗಂಟೆ

ಅವನು ಮಾತ್ರೆ ನುಂಗಿ ಮಲಗಿದ್ದ. ಎಬ್ಬಿಸಲಿಲ್ಲ. ಆಟೋ ಹಿಡಿದು ನರೋಡಾಕ್ಕೆ ಒಬ್ಬಳೇ ಹೋಗಿ ಬಂದೆ.

ರಜಾ ಅರ್ಜಿ ಇಂಗ್ಲಿಷಿನಲ್ಲಿ, ಕೈಬರಹದಲ್ಲಿ, ಎರಡು ಪ್ರತಿ. ಕಾರಣವಿಲ್ಲದ ಅರ್ಜಿಯನ್ನು ನಾನು ಮೂವತ್ತನಾಲ್ಕು ವರ್ಷ ತಿರಸ್ಕರಿಸಿದವಳು. ಕಾರಣ ಬರೆದೆ, ಅವನ ಪರವಾಗಿ ನಾನೇ ಸಹಿ ಹಾಕಿದೆ. ನಿತಿನ್‌ಭಾಯಿ ಎದ್ದು ನಿಂತು ಕುರ್ಚಿ ತೋರಿಸಿದರು. "ಆವೋ ಬಾ, ಬೇಸೋ." ಗುಜರಾತಿಗಳು ಹಿರಿಯ ಹೆಂಗಸರನ್ನು ಬಾ ಎನ್ನುತ್ತಾರೆ, ತಾಯಿಯೆಂದು. ಎರಡು ಸಲ ಓದಿದರು. "ಬಹುತ್ ಅಚ್ಛಾ ಲಿಖಾ ಹೈ, ಬಾ." ಒಂದು ಪ್ರತಿಗೆ ಸ್ವೀಕೃತಿ ಸಹಿ, ಮೊಹರು. ಚಹಾ ಕೂಡ ಕೊಟ್ಟರು. ಬಲ್ಲವರು.

ಎದ್ದ ಮೇಲೆ ಮಂಥನ್‌ಗೆ ಹೇಳಲಿಲ್ಲ. ಅಜ್ಜಿ ಅರ್ಜಿ ಕೊಟ್ಟಳೆಂದು ಗೆಳೆಯರು ಆಡಿಕೊಂಡಾರು.

ಜೂನ್ ೨೭, ಗುರುವಾರ

ಬಾವು ಇಳಿದಿದೆ. ಮನೆಯಲ್ಲಿ ನಗು. ವಡೋದರಾದ ಕ್ಲಬ್ಬೊಂದು ಇವನನ್ನು ಕೇಳಿದೆ. ಅರ್ಧ ಸಂಬಳ ಅವರು, ಅರ್ಧ ಸಾಬರ್. ಮಾತು ಬಹುತೇಕ ಮುಗಿದಿದೆಯಂತೆ.

"ಮತ್ತೆ ಬಾಲ್ ಸಿಗುತ್ತೆ ಅಜ್ಜಿ!" ಎಂದು ನನ್ನನ್ನು ಎತ್ತಿ ತಿರುಗಿಸಿದ. ಬೈದೆ.

ಮಧ್ಯಾಹ್ನ ಹೊಸ ಕನ್ನಡಕ ಬಂತು. ಅನುಬಂಧ ತೆರೆದೆ. ನಾಲ್ಕನೆಯ ಅಂಶ: ಯಾವುದೇ ಗಾಯವನ್ನು ನಲವತ್ತೆಂಟು ಗಂಟೆಯೊಳಗೆ ಕ್ಲಬ್ಬಿಗೆ ತಿಳಿಸತಕ್ಕದ್ದು. ಮುಚ್ಚಿಟ್ಟ ಆಟಗಾರನ ಒಪ್ಪಂದವನ್ನು ಉಳಿದ ಸಂಬಳವಿಲ್ಲದೆ ರದ್ದುಪಡಿಸಬಹುದು.

ನನ್ನ ಪ್ರತಿಯನ್ನು ತೆಗೆದು ನೋಡಿದೆ. ಎರಡನೆಯ ಸಾಲು. "ಡಿಸೆಂಬರ್ ತಿಂಗಳಿನಿಂದ ಇರುವ ಮೊಣಕಾಲಿನ ನೋವು ಉಲ್ಬಣಿಸಿರುವುದರಿಂದ—"

ಪ್ರತಿಯನ್ನು ಮಡಿಸಿ ಈ ಪುಸ್ತಕದೊಳಗೆ ಇಟ್ಟೆ.

ಜೂನ್ ೨೮, ಶುಕ್ರವಾರ

ಫೋನ್ ಮೂರು ಸಲ ಬಡಿದುಕೊಂಡಿತು. ಗ್ಯಾಸಿನವರು. ಬ್ಯಾಂಕಿನವರು. ವೇದಾ. ಮೂರು ಸಲವೂ ನಾನೇ ಓಡಿ ಎತ್ತಿದೆ.

ಇಂದು ಹೇಳಿಬಿಡಬೇಕಿತ್ತು. ಅವನು ಬ್ಯಾಗು ಒಗೆದು ಬಿಸಿಲಿಗೆ ಹಾಕುತ್ತಿದ್ದ. ಹಾಡಿಕೊಂಡು.

ಜೂನ್ ೨೯, ಶನಿವಾರ

ಬಂತು.

ಗಾಯದ ಸುದ್ದಿ ಕೇಳಿ ವಡೋದರಾ ಬೇಡವೆಂದಿತು. ನಿತಿನ್‌ಭಾಯಿ ಫೋನಿನಲ್ಲಿ ಅವನಿಗೆ ಹೇಳಿದ್ದು ಇಷ್ಟೇ: ಹಳೆಯ ಗಾಯ ಮುಚ್ಚಿಟ್ಟಿದ್ದೀಯ, ಬರಹದ ಪುರಾವೆ ನಮ್ಮಲ್ಲಿದೆ. ಸೋಮವಾರ ಹನ್ನೊಂದಕ್ಕೆ ಬಂದು ನೀನಾಗಿಯೇ ಬಿಡುತ್ತೇನೆಂದು ಸಹಿ ಹಾಕು. ಇಲ್ಲವಾದರೆ ಆ ಕಾಗದ ಎಲ್ಲ ಕ್ಲಬ್ಬುಗಳಿಗೂ ಹೋಗುತ್ತದೆ. ಬರೆದವರು ಯಾರೆಂದು ಹೇಳಿಲ್ಲ.

ಮಂಥನ್ ಗೋಡೆಗೆ ಒರಗಿ ಕುಳಿತಿದ್ದ. "ರೋಹಿತ್! ಸೂರತ್‌ನಲ್ಲಿ ನನ್ನ ರೂಮ್‌ಮೇಟ್. ಅವನೊಬ್ಬನಿಗೇ ಗೊತ್ತಿತ್ತು."

ಅವನೊಬ್ಬನಿಗೇ. ನಾನು ಅವನ ಲೆಕ್ಕಕ್ಕೇ ಬರಲಿಲ್ಲ.

ನನ್ನೆದುರೇ ಫೋನ್ ಮಾಡಿದ. ಅಂಥ ಬೈಗುಳ ಅವನ ಬಾಯಲ್ಲಿ ಕೇಳಿರಲಿಲ್ಲ. ಆ ಕಡೆಯ ಹುಡುಗ "ಭಾಯಿ, ಮಾ ಕಸಮ್, ಮೈಂ ನಹೀಂ" ಎಂದು ಅಳುತ್ತಿದ್ದ. ತಾಯಾಣೆಗೂ ನಾನಲ್ಲ ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಬೀನ್ಸ್ ಹೆಚ್ಚುತ್ತಲೇ ಇದ್ದೆ.

ಜುಲೈ ೧, ಸೋಮವಾರ. ೯.೧೦

ಎರಡು ರಾತ್ರಿ ನಿದ್ದೆಯಿಲ್ಲ. ಬೆಳಿಗ್ಗೆ ಬಿಳಿ ಹಾಳೆ ತಂದು ನನ್ನ ಮುಂದಿಟ್ಟ.

"ಅಜ್ಜಿ, ನಿನ್ನ ಥರ ಲೆಟರ್ ಯಾರೂ ಬರೆಯಲ್ಲ. ನಂಗೆ ಯಾವ ನೋವೂ ಇರ್ಲಿಲ್ಲ, ರೋಹಿತ್ ಝೂಠ್ ಹೇಳಿದಾನೆ ಅಂತ ಬರ್ದುಕೊಡು. ಟೈಪ್ ಬೇಡ. ನಿನ್ನ ಹ್ಯಾಂಡ್‌ರೈಟಿಂಗಲ್ಲೇ ವಜನ್ ಇರುತ್ತೆ."

ಹನ್ನೊಂದಕ್ಕೆ ನಿತಿನ್‌ಭಾಯಿ ಎರಡೂ ಕಾಗದಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಡುತ್ತಾರೆ. ಒಂದೇ ಅಕ್ಷರ. ಒಂದೇ ಕೈ. ಮಂಥನ್ ಅಲ್ಲಿ, ಅವರ ಎದುರಿಗೆ, ನನ್ನನ್ನು ಗುರುತಿಸುತ್ತಾನೆ.

ಇಪ್ಪತ್ತು ನಿಮಿಷದಿಂದ ಹಾಳೆ ಹಾಗೇ ಇದೆ. ಬರೆಯುತ್ತಿರುವುದು ಈ ಪುಸ್ತಕದಲ್ಲಿ. ಅವನು ಬಾಗಿಲಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದಾನೆ.

"ಆಯ್ತಾ ಅಜ್ಜಿ?"

"ಬಾ. ಇಲ್ಲಿ ಕೂತ್ಕೋ."

"ಟೈಮ್ ಇಲ್ಲ. ಪೇಪರ್ ಕೊಡು."

ಕೊಟ್ಟೆ. ಮೊಹರು ಬಿದ್ದ ಪ್ರತಿಯನ್ನೇ. ಓದುತ್ತಿದ್ದಾನೆ. ತಲೆ ಎತ್ತಲಾರೆ, ಅದಕ್ಕೇ ಬರೆಯುತ್ತಿದ್ದೇನೆ. ಹಾಳೆ ಅಲುಗುವ ಸದ್ದು. ಎರಡನೆಯ ಸಾಲಿಗೆ ಬಂದಿರಬೇಕು. ಹೆಲ್ಮೆಟ್ ನೆಲಕ್ಕೆ ಇಟ್ಟ. ಮೆಲ್ಲಗೆ, ನಿಧಾನವಾಗಿ ಇಟ್ಟ. "ಅಜ್ಜಿ," ಎಂದ. "ರೋಹಿತ್‌ಗೆ ನಾನು ಏನೇನೋ ಬೈದ್ಬಿಟ್ಟೆನಲ್ಲ…"