ಮಂಗಳವಾರದ ಸೈರನ್

ಊರಿನ ಮುಖ್ಯಸ್ಥರಾದ ಇಸಿರೇಲಿಯವರಿಗೆ,

ಮಂಗಳವಾರ ನಿಮ್ಮ ಊರಿನವರು ಸೈರನ್ ಕೇಳಿ ಗುಡ್ಡ ಹತ್ತಿದ್ದು ನನ್ನ ತಪ್ಪಿನಿಂದ. ಸುನಾಮಿ ಬಂದರೆ ನಮ್ಮ ಕಚೇರಿಯ ಕಂಪ್ಯೂಟರ್ ಪ್ರೋಗ್ರಾಂ, ಬೇರೊಂದು ಫೈಲಿನಿಂದ ತರಿಸಿಕೊಂಡ ಸೈರನ್ ಫಂಕ್ಷನ್ನನ್ನು, ಅಂದರೆ ಸೈರನ್ ಕೂಗಿಸುವ ಆದೇಶವನ್ನು, ಕರೆಯಬೇಕು. ಕರೆಯುತ್ತದೆಯೇ ಎಂದು ಪರೀಕ್ಷಿಸಲು ಅದರ ಬದಲಿಗೆ ಸದ್ದು ಮಾಡದ ಡಮ್ಮಿಯೊಂದನ್ನು ಇಟ್ಟೆ, ಆದರೆ ಪ್ರೋಗ್ರಾಂನೊಳಗೆ ಇಡುವ ಬದಲು ಆ ಮೂಲ ಫೈಲಿನಲ್ಲಿ. ಅಷ್ಟರಲ್ಲಾಗಲೇ ಪ್ರೋಗ್ರಾಂ ಅಸಲಿಯನ್ನು ತರಿಸಿಕೊಂಡಿತ್ತು. ಅದೇ ಕೂಗಿತು.

ಮರುದಿನ ನಿಮ್ಮೂರಿಗೆ ಬಂದು, ಪದ್ಧತಿಯಂತೆ ಕಾಣಿಕೆಯಾಗಿ ಕಾವಾ ಬೇರಿನ ಕಟ್ಟು ಹಿಡಿದು ಕ್ಷಮೆ ಕೇಳಿದೆ. ನೀವು ಸ್ವೀಕರಿಸಿದಿರಿ. ಹೊರಡುವಾಗ, ಕೊಲ್ಲಿಯ ಆಚೆ ದಡದ ಸಾಲೋಟೆ ಅಜ್ಜಿ ಕೇಳಿದರು: "ಯಾವ ಸೈರನ್ನಮ್ಮಾ? ನಾನು ಚಾಪೆ ಹೆಣೀತಾ ಕೂತಿದ್ದೆ. ಮುಂದಿನ ಸಲ ನಮಗೂ ಕೇಳೋ ಹಾಗೆ ಕೂಗ್ಸು."

ಪರೀಕ್ಷೆಯನ್ನು ತಿದ್ದಿದ್ದೇನೆ, ಪಾಸಾಗಿದೆ. ಪ್ರೋಗ್ರಾಂ ಫಂಕ್ಷನ್ನನ್ನು ಕರೆಯಿತೋ ಇಲ್ಲವೋ ಎಂದಷ್ಟೇ ಅದು ನೋಡುತ್ತದೆ; ಸದ್ದು ಯಾರಿಗೆ ಕೇಳಿಸಿತೆಂದು ನೋಡುವುದಿಲ್ಲ.

ಆಚೆ ದಡದಲ್ಲಿ ಎರಡನೆಯ ಸೈರನ್ ಕಂಬಕ್ಕೆ ಜಾಗ ತೋರಿಸಿ. ಅಲ್ಲಿಯವರೆಗೆ, ಸೈರನ್ ಕೂಗಿದರೆ ಅಜ್ಜಿಯ ಮನೆಗೆ ಯಾರು ಓಡುತ್ತಾರೆಂದು ಹೆಸರು ಬರೆದು ಕಳಿಸಿ.

ವಿಧೇಯಳು,
ಮೆರೆಯೋನಿ
ಸುವಾ