ಎರಡು ಊರಿನ ಎಡೆ

ಬ್ರೂಸ್‌ಪೇಟೆ, ಬಳ್ಳಾರಿ
ಗುರುವಾರ, ೪ ಅಕ್ಟೋಬರ್ ೧೯೫೧

ಪ್ರೀತಿಯ ಜಡೆಪ್ಪನಿಗೆ,

ನಾಲ್ಕು ದಿನದ ಹಿಂದೆ ಸಿರುಗುಪ್ಪದಲ್ಲಿ ಒಂದು ಮನೆಯಲ್ಲಿ ಊಟ ಮಾಡಿದೆ. ಅದನ್ನು ನಿನಗೆ ಬರೆಯುವುದೇ ಬೇಡ ಅಂದುಕೊಂಡಿದ್ದೆ. ನಿನ್ನೆ ಇದೇ ಕಾಗದವನ್ನು ಒಮ್ಮೆ ಬರೆದು ಮುಗಿಸಿದೆ. ಅದರಲ್ಲಿ ಅವ್ವನ ಕಣ್ಣು, ಮಳೆ, ನನ್ನ ಸ್ಕೂಲು ಎಲ್ಲ ಇತ್ತು, ಊಟ ಮಾತ್ರ ಇರಲಿಲ್ಲ. ಓದಿ ನೋಡಿದರೆ ಸುಳ್ಳು ಬರೆದ ಹಾಗೆ ಅನಿಸಿತು. ಹರಿದು ಹಾಕಿ ಮತ್ತೆ ಕೂತಿದ್ದೇನೆ.

ನಿನ್ನ ಎಡ ಮಂಡಿ ಹೇಗಿದೆ? ಭೋಪಾಲಿನಲ್ಲಿ ಪೆಟ್ಟು ಬಿದ್ದು ಎರಡು ವರ್ಷವಾದರೂ ಕುಂಟು ಹೋಗಿಲ್ಲ ಎಂದು ಬರೆದಿದ್ದೆ. ಹಾಕಿ ಸ್ಟಿಕ್ಕಿಗೆ ಅಗಸೆ ಎಣ್ಣೆ ತಿಕ್ಕುವ ಶ್ರದ್ಧೆಯಲ್ಲಿ ಅರ್ಧವನ್ನು ಮಂಡಿಗೆ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ವಾಸಿಯಾಗುತ್ತಿತ್ತು. ಅವ್ವ ಗಟ್ಟಿಯಾಗಿದ್ದಾಳೆ. ಪೊರೆ ಬಂದ ಕಣ್ಣಿಗೆ ಆಪರೇಷನ್ ಬೇಡ ಎನ್ನುವ ಹಟ ಬಿಟ್ಟಿಲ್ಲ. ನಿನ್ನ ಮಾತು ಬಂದಾಗಲೆಲ್ಲ ಅದೇ ಹಳೆಯ ಪ್ರಶ್ನೆ: "ಗೋಲು ಹೊಡಿಯಾಂವಗ ಪಗಾರ ಕೊಟ್ರ ಸರಿ, ಹೊಡಿಲಾರದಂಗ ನಿಂದ್ರಾಂವಗ ಯಾಕ ಕೊಡ್ತಾರ?" ಹದಿಮೂರು ವರ್ಷದಲ್ಲಿ ನೀನು ಒಂಬತ್ತು ತಂಡಗಳಿಗೆ ಫುಲ್‌ಬ್ಯಾಕ್ ಆಗಿ ಆಡಿದೆ. ಪೊಲೀಸು, ಹುಬ್ಬಳ್ಳಿ ವರ್ಕ್‌ಶಾಪು, ಚಿನ್ನದ ಗಣಿ, ಮದ್ರಾಸು, ಈಗ ಜಬಲ್ಪುರ. ಒಂದೂ ಗೋಲಿಲ್ಲ, ಪೇಪರಿನಲ್ಲಿ ಒಮ್ಮೆಯೂ ಹೆಸರಿಲ್ಲ. ಹಿಂದೆ ನಿಂತು ಕಾಯುವವನನ್ನು ಯಾರೂ ನೋಡುವುದಿಲ್ಲ ಅಕ್ಕ, ಅದೇ ನನಗೆ ಹಿತ, ಎಂದು ನೀನು ಹೇಳುತ್ತಿದ್ದೆ. ಆಗ ನನಗೂ ಆ ಮಾತು ಚೆನ್ನಾಗಿಯೇ ಕೇಳಿಸುತ್ತಿತ್ತು.

ಫೆಬ್ರವರಿಯ ನಿನ್ನ ಕಾರ್ಡಿನ ನಂತರ ಎಂದಿನಂತೆ ನಿನ್ನ ಹೆಸರಿಗೇ ಮೂರು ಕಾಗದ ಹಾಕಿದೆ. ಮೂರೂ ವಾಪಸು ಬಂದವು. ಈ ಹೆಸರಿನವರು ಇಲ್ಲಿ ಇಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ಅವ್ವನಿಗೆ ತೋರಿಸಲಿಲ್ಲ. ಅವಳು ಹಿರಿಯರಿಗೆ ಎಡೆ ಇಡುವ ಮಾನೌಮಿ ಅಮಾಸಿಗೆ ಕುರುಗೋಡಿಗೆ, ಚಿಕ್ಕಪ್ಪನ ಮನೆಗೆ ಹೋದ ದಿನ ನಾನು ಸಿರುಗುಪ್ಪದ ಬಸ್ಸು ಹತ್ತಿದೆ. ನಿನ್ನನ್ನು ಮುಂದಿನ ತಂಡಗಳಿಗೆ ಕಳಿಸಿಕೊಟ್ಟವನು ಅಲ್ಲಿನ ಹತ್ತಿ ಗಿರಣಿಯ ಗುಮಾಸ್ತ ವೆಂಕಣ್ಣನೇ ತಾನೆ, ಅವನ ಹತ್ತಿರ ಸರಿಯಾದ ವಿಳಾಸ ಇದ್ದೀತು ಎಂಬ ಆಸೆ.

ಗಿರಣಿಯ ವಿಷಯ ನಾವಿಬ್ಬರೂ ಐದು ವರ್ಷದಿಂದ ಮಾತಾಡಿಲ್ಲ. ಅಂಪೈರನ ಸೀಟಿ ಕಿತ್ತು ಎಸೆದದ್ದಕ್ಕೆ ನಿನ್ನ ಹೆಸರಿಗೆ ನಿಷೇಧ ಬಿದ್ದಿತ್ತು. ಗಿರಣಿ ತಂಡದ ಫುಲ್‌ಬ್ಯಾಕ್ ಪಾಲಯ್ಯ ಆ ಮಳೆಗಾಲದಲ್ಲಿ ತುಂಗಭದ್ರೆಯಲ್ಲಿ ಹರಿಗೋಲು ಮಗುಚಿ ಹೋಗಿದ್ದ. ಹೆಣವೂ ಸಿಗಲಿಲ್ಲ. ಅವನ ಹೆಸರು ಪಟ್ಟಿಯಲ್ಲಿತ್ತು, ನಿನ್ನ ಕಾಲು ಮೈದಾನದಲ್ಲಿತ್ತು. ತಂಡದ ಫಾರಂ ಇಂಗ್ಲಿಷಿನಲ್ಲಿ ತುಂಬಿಕೊಡು ಅಕ್ಕ ಎಂದು ನೀನು ತಂದಾಗ, ಹೆಸರು ಎಂದಿದ್ದ ಕಡೆ ನಾನೇ ಪಾಲಯ್ಯ ಎಂದು ಬರೆದೆ. ಅಕ್ಷರ ಮುದ್ದಾಗಿ ಬರಲಿ ಎಂದು ಹೊಸ ನಿಬ್ಬು ಹಾಕಿದ್ದೆ. ಯಾಕೆ ಒಂದು ಕ್ಷಣವೂ ಕೈ ತಡೆಯಲಿಲ್ಲ ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಅಂದಿನಿಂದ ಎಲ್ಲ ತಂಡಗಳಲ್ಲೂ ನೀನು ಪಾಲಯ್ಯನೇ. ವೆಂಕಣ್ಣನಿಗೆ ನಿನ್ನ ಹೆಸರೇ ಹೊಳೆಯಲಿಲ್ಲ. "ಜಡೆಪ್ಪ ಅಂದ್ರ ಯಾರ್ರೀ? ಪಾಲಯ್ಯ ಅನ್ರಿ, ಊರೆಲ್ಲಾ ತೋರಿಸ್ತೈತಿ" ಎಂದು ನಕ್ಕ. ಆಮೇಲೆ ನೆನಪಾಗಿ ನಗು ನಿಲ್ಲಿಸಿದ. ಅವನು ಕೊಟ್ಟ ವಿಳಾಸವೂ ನನ್ನಲ್ಲಿ ಇದ್ದದ್ದೇ. ಪಾಲಯ್ಯನ ತಾಯಿ ಸುಂಕಲಮ್ಮನ ಮನೆ ಗಿರಣಿಯ ಹಿಂದೆಯೇ ಎಂದ. ನಾನು ಯಾಕೆ ಹೋದೆನೋ ಗೊತ್ತಿಲ್ಲ. ಐದು ವರ್ಷ ಅವಳ ಮಗನ ಹೆಸರಿನಲ್ಲಿ ಉಂಡಿದ್ದೇವೆ, ಒಮ್ಮೆ ಮುಖ ನೋಡಿ ಬರೋಣ ಅನಿಸಿತೇನೋ.

ಹಾಡು ಹಗಲು, ಬಾಗಿಲು ತೆರೆದೇ ಇತ್ತು. ಸುಂಕಲಮ್ಮ ಹಿರಿಯರಿಗೆ ಎಡೆ ಇಡುತ್ತಿದ್ದಳು. ಬಳ್ಳಾರಿಯ ಟೀಚರು ಎಂದಷ್ಟೇ ಹೇಳಿಕೊಂಡೆ. "ಬರ್ರಿ ಟೀಚರಮ್ಮ, ಹಬ್ಬದ ದಿನ ಬಂದೀರಿ, ಉಣಲಾರದ ಹೋಗಬ್ಯಾಡ್ರಿ" ಎಂದಳು. ಗೋಡೆಯ ಕೆಳಗೆ ಹೊಸ ಧೋತರ, ಬಾಳೆ ಎಲೆ. ಗೋಡೆಯ ಮೇಲೆ ಚೆಂಡುಹೂವಿನ ಹಾರ ಹಾಕಿದ ಫೋಟೋ. ಜಡೆಪ್ಪ, ಆ ಫೋಟೋದಲ್ಲಿ ನೀನಿದ್ದೆ.

ಗಿರಣಿ ತಂಡದ ಗುಂಪು ಫೋಟೋದಿಂದ ನಿನ್ನೊಬ್ಬನನ್ನು ಕತ್ತರಿಸಿ ಕಟ್ಟು ಹಾಕಿಸಿದ್ದಾರೆ. ಕುತ್ತಿಗೆ ಒಂದು ಕಡೆ ವಾಲಿಸಿ, ಮಂಡಿಯ ಮೇಲೆ ಸ್ಟಿಕ್ ಅಡ್ಡ ಇಟ್ಟುಕೊಂಡು ಕೂತಿದ್ದೀಯ. ಪಾಲಯ್ಯ ಇದ್ದಾಗ ಒಂದೂ ಫೋಟೋ ತೆಗೆಸಿರಲಿಲ್ಲವಂತೆ. ಇದರ ಕೆಳಗೆ ಅವನ ಹೆಸರು ಅಚ್ಚಾಗಿದೆ ಎಂದು ಯಾರೋ ತಂದು ಕೊಟ್ಟರು. ಅವಳ ಕಣ್ಣು ಅವ್ವನ ಕಣ್ಣಿಗಿಂತ ಮಂದ. ಕೈಯಾಡಿಸಿ ಹಣೆ ಎಲ್ಲಿದೆ ಎಂದು ಹುಡುಕಿ ಗಾಜಿನ ಮೇಲೆ ಕುಂಕುಮ ಇಡುತ್ತಾಳೆ. ಐದು ವರ್ಷದ ಕುಂಕುಮ ಇಳಿದು ನಿನ್ನ ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿದೆ.

ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಎಡೆಗೆ ಬದನೆಕಾಯಿ ಎಣಗಾಯಿ ಬಡಿಸುತ್ತಾ ಹೇಳಿದಳು: "ಇರೋತನಕ ನನ್ನ ಮಗ ಬದನಿಕಾಯಿ ಮುಟ್ಟಿದಾಂವಲ್ಲ ನೋಡ್ರಿ. ಈಗ ಕನಸಿನಾಗ ಬಂದು ಅದನ್ನ ಕೇಳ್ತಾನ. ಎರಡು ವರ್ಷಾತು, ಕುಂಟಿಕೋಂತ ಬರ್ತಾನ. ಎಡಗಾಲು. ನೀರಾಗ ಏನು ಬಡೀತೋ ನನ ಕಂದಗ." ನಾನು ಚೀಲವನ್ನು ಹತ್ತಿರ ಎಳೆದುಕೊಂಡೆ.

ನಿನ್ನ ಫೆಬ್ರವರಿಯ ಕಾರ್ಡು ನನ್ನ ಚೀಲದಲ್ಲೇ ಇತ್ತು. ಈಚೆಗೆ ಬದನೆಕಾಯಿ ಸೇರುತ್ತಿಲ್ಲ ಅಕ್ಕ, ವಾಸನೆಗೇ ವಾಕರಿಕೆ, ಎಂದು ಬರೆದಿದ್ದೆ. ನರ್ಮದೆಯ ಸೇತುವೆ ದಾಟುವಾಗ ಎದೆ ಹೊಡೆದುಕೊಂಡು ರೈಲಿನಲ್ಲಿ ಕಣ್ಣು ಮುಚ್ಚಿ ಕೂತೆ ಎಂದೂ ಬರೆದಿದ್ದೆ. ಎಣಗಾಯಿ ಇದ್ದರೆ ಎರಡು ರೊಟ್ಟಿ ಹೆಚ್ಚು ಉಣ್ಣುತ್ತಿದ್ದವನು, ಕುರುಗೋಡಿನ ಬಾವಿಗೆ ಮೇಲಿನ ಕಲ್ಲಿನಿಂದ ಜಿಗಿಯುತ್ತಿದ್ದವನು ನೀನು. ಓದಿದಾಗ ಅವ್ವನೂ ನಾನೂ ನಕ್ಕಿದ್ದೆವು.

ಇಂಥದ್ದನ್ನು ನಂಬುವವಳಲ್ಲ ನಾನು. ನಾಲಿಗೆಯ ರುಚಿ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಮುದುಕಿಯ ಕನಸಿಗೆ ಅರ್ಥ ಹುಡುಕಬಾರದು. ಕುಂಟುವ ಫುಲ್‌ಬ್ಯಾಕ್ ಬಗ್ಗೆ ಗಿರಣಿಯವರು ಯಾರಾದರೂ ಅವಳ ಕಿವಿಗೆ ಹಾಕಿರಬಹುದು. ಬಸ್ಸಿನಲ್ಲಿ ಬಳ್ಳಾರಿಯವರೆಗೂ ಇದನ್ನೇ ಹೇಳಿಕೊಂಡೆ. ಆದರೆ ಆ ಮನೆಯಲ್ಲಿ ಹೇಳಬೇಕಾದ್ದನ್ನು ಹೇಳಲಿಲ್ಲ. ಹೇಳಿದ್ದರೆ ಅವಳ ಗೋಡೆಯ ಮೇಲೆ ಏನು ಉಳಿಯುತ್ತಿತ್ತು? "ನೀವು ಯಾರ ಪೈಕಿ?" ಎಂದು ಕೇಳಿದಳು. ಯಾರ ಪೈಕಿಯೂ ಅಲ್ಲ, ಸ್ಕೂಲಿನವಳು ಅಂದೆ. ಪೂಜೆ ಮುಗಿದ ಮೇಲೆ ನಿನ್ನ ಮುಂದಿನ ಎಡೆಯನ್ನೇ ನನ್ನ ಕಡೆ ಸರಿಸಿದಳು. ಉಂಡೆ. ಬದುಕಿರುವ ತಮ್ಮನ ಎಡೆಯನ್ನು ಒಂದು ಅಗುಳೂ ಬಿಡದೆ ಉಂಡೆ.

ಮರುದಿನ ಅವ್ವ ಕುರುಗೋಡಿನಿಂದ ಬಂದು ಹಬ್ಬದ ಸುದ್ದಿ ಹೇಳಿದಳು. ಚಿಕ್ಕಪ್ಪ ಎಂದಿನಂತೆ ಅಜ್ಜನ ಹೆಸರು ಹಿಡಿದು ಎಡೆ ಇಟ್ಟನಂತೆ. ಅಜ್ಜನ ಹೆಸರನ್ನೇ ಅಲ್ಲವೇ ನಿನಗೆ ಇಟ್ಟದ್ದು. ಒಂದೇ ದಿನ ಒಂದು ಊರಿನಲ್ಲಿ ನಿನ್ನ ಹೆಸರಿಗೆ ಎಡೆ, ಇನ್ನೊಂದು ಊರಿನಲ್ಲಿ ನಿನ್ನ ಮುಖಕ್ಕೆ. ಇನ್ನು ಜಬಲ್ಪುರದಲ್ಲಿ ಉಳಿದಿರುವುದು ಏನು ಎಂಬ ಪ್ರಶ್ನೆಯನ್ನು ಅಂದಿನಿಂದ ದೂರ ಇಡಲು ಆಗುತ್ತಿಲ್ಲ.

ಆಟ ಬಿಟ್ಟು ಬಾ. ಮನೆ ಬಾಗಿಲಿನಲ್ಲಿ ನಿಂತು ನಿನ್ನ ಹೆಸರು ನೀನೇ ಗಟ್ಟಿಯಾಗಿ ಹೇಳು. ಅವ್ವನಿಗೆ ಕಣ್ಣಿಲ್ಲದಿದ್ದರೂ ದನಿ ಗೊತ್ತಾಗುತ್ತದೆ. ಆಮೇಲೆ ನಾವಿಬ್ಬರೂ ಸುಂಕಲಮ್ಮನ ಮನೆಗೆ ಹೋಗೋಣ. ನಾನು ಹೇಳಲಾರದ್ದನ್ನು ನೀನು ಹೇಳುತ್ತೀಯೋ, ಅವಳ ಮುಂದೆ ನೀನೂ ಸುಮ್ಮನಾಗುತ್ತೀಯೋ, ನೋಡೋಣ.

ಅವ್ವ ನಿನ್ನ ತಲೆ ಸವರಿದಳು ಎಂದು ತಿಳಿ.

ನಿನ್ನ ಅಕ್ಕ,
ಕೊಟ್ರಬಸಮ್ಮ

ಮರೆತದ್ದು: ಲಕೋಟೆಯ ಮೇಲೆ ನಿನ್ನ ಹೆಸರು ಬರೆದರೆ ಇದೂ ವಾಪಸು ಬರುತ್ತದೆ. ಅದಕ್ಕೇ ಪಾಲಯ್ಯ ಎಂದು ಬರೆದಿದ್ದೇನೆ. ಆ ಹೆಸರನ್ನು ನಾನು ಬರೆದದ್ದು ಇದು ಎರಡನೆಯ ಸಲ. ಈ ಸಲ ಕೈ ತಡೆಯಿತು, ಆದರೂ ಬರೆದೆ. ಇದು ವಾಪಸು ಬರಲಿ ಎಂದು ಬೇಡಿಕೊಳ್ಳಬೇಕೋ, ನಿನ್ನ ಕೈ ಸೇರಲಿ ಎಂದೋ ತಿಳಿಯುತ್ತಿಲ್ಲ. ಸೇರಿದರೆ ಉತ್ತರದ ಕೆಳಗೆ ರುಜು ಹಾಕುವ ಮುಂಚೆ ಒಂದು ಗಳಿಗೆ ನಿಲ್ಲು. ಇನ್ನೂ ಮೂರು ದಿನ ಲಕೋಟೆ ನನ್ನ ಮೇಜಿನ ಮೇಲೇ ಇರುತ್ತದೆ. ಡಬ್ಬಿಗೆ ಹಾಕುವುದು ಸೋಮವಾರ, ಅಕ್ಟೋಬರ್ ೮.